ಮನೆ ಬದಲಾಯಿತು, ತಿಳಿಸಬೇಕಾದವರಿಗೆ ತಿಳಿಸಿದಿರಾ?

ಮಾನ್ಯ ಸಂಪಾದಕರೇ,

ಕಾಗದ ತಲುಪಬೇಕಾದವರು ಮನೆ ಬಿಟ್ಟು ಹೋಗಿದ್ದರೆ, ಎಲ್ಲಿಗೆ ಹೋದರೆಂದು ಅಂಚೆ ಕಚೇರಿಗೆ ಹೇಳಿರದಿದ್ದರೆ, ಲಕೋಟೆಯ ಮೇಲೆ ‘ಲೆಫ್ಟ್ ವಿತೌಟ್ ಇನ್‌ಸ್ಟ್ರಕ್ಷನ್ಸ್’ ಎಂದು ಬರೆದು, ತಾರೀಕು ಹಾಕಿ, ಸಣ್ಣ ರುಜು ಮಾಡಿ ವಾಪಸು ಕಳುಹಿಸುವುದು ನಮ್ಮ ಇಲಾಖೆಯ ಕ್ರಮ. ಕಾಸರಗೋಡು ಜಿಲ್ಲೆಯ ಪೆರ್ಲದ ಸುತ್ತಿನ ಅಂಚೆ ಕಚೇರಿಗಳಲ್ಲಿ 36 ವರ್ಷ ಕೆಲಸ ಮಾಡಿದವನು ನಾನು. ಆ ಮೂರು ಪದಗಳನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಕೈ ಒಂದು ಕ್ಷಣ ತಡೆಯುತ್ತಿತ್ತು, ಒಳಗೆ ಏನಿದೆಯೋ ಎಂದು. ನನ್ನ ಸ್ವಂತ ಮಗಳ ಕಾಗದ ಹಾಗೆ ವಾಪಸು ಹೋದದ್ದು ನಾನು ನಿವೃತ್ತನಾದ ಎಂಟು ವರ್ಷದ ಮೇಲೆ, ಅಮೆರಿಕದಲ್ಲಿ. ಆ ಕಥೆಯನ್ನು ನಿಮ್ಮ ಓದುಗರಿಗೆ ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ದಯವಿಟ್ಟು ಹೆಸರು ಹಾಕಬೇಡಿ. ಮಗಳ ಒಪ್ಪಿಗೆ ಇದೆ, ಆದರೂ ಅವಳ ಮನೆಯ ವಿಷಯವಲ್ಲವೇ.

ಅಳಿಯ ಎಚ್-1ಬಿ ವೀಸಾದಲ್ಲಿ ನ್ಯೂಜೆರ್ಸಿಯಲ್ಲಿ ಕೆಲಸದಲ್ಲಿದ್ದಾನೆ. ಮಗಳದು ಅವನ ಜೊತೆಗಿನ ಎಚ್-4. ಆ ವೀಸಾದಲ್ಲಿ ಇರುವವರಿಗೆ ಸುಮ್ಮನೆ ಕೆಲಸಕ್ಕೆ ಹೋಗುವಂತಿಲ್ಲ. ಗಂಡನ ಗ್ರೀನ್ ಕಾರ್ಡಿನ ದಾರಿ ಒಂದು ಹಂತ ದಾಟಿದ್ದರೆ ಮಾತ್ರ ಕೆಲಸದ ಪರವಾನಗಿ ಕಾರ್ಡಿಗೆ ಅರ್ಜಿ ಹಾಕಬಹುದು; 2015ರಿಂದ ಈ ಅವಕಾಶ ಇದೆ. ಮಗಳು ಆ ಕಾರ್ಡು ಪಡೆದು ಒಂದು ದಂತ ಚಿಕಿತ್ಸಾಲಯದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಳು. ಬಿ.ಕಾಂ. ಮುಗಿಸಿ ಮದುವೆಯಾಗಿ ಹೋದವಳು ನಾಲ್ಕು ವರ್ಷ ಮನೆಯಲ್ಲಿ ಕೂತು ಕೊನೆಗೆ ಸಿಕ್ಕಿದ ಕೆಲಸ ಅದು. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆಗೆಂದು ಹಣ ಕಳುಹಿಸಿದ್ದಳು.

2022ರಲ್ಲಿ ಆ ಕಾರ್ಡಿನ ನವೀಕರಣಕ್ಕೆ ಅರ್ಜಿ ಹೋಗಿತ್ತು. ಅಕ್ಟೋಬರಿನಲ್ಲಿ ಅವರು ಎಡಿಸನ್‌ನ ಬಾಡಿಗೆ ಮನೆ ಬಿಟ್ಟು ಪ್ಲೇನ್ಸ್‌ಬೊರೋಗೆ ಹೋದರು. ಅರ್ಧ ಗಂಟೆಯ ದಾರಿ, ನಮ್ಮ ಪೆರ್ಲದಿಂದ ಬದಿಯಡ್ಕಕ್ಕೆ ಹೋದ ಹಾಗೆ. ಮನೆ ಬದಲಿಸುವಾಗ ಮಗಳು ಅಂಚೆ ಇಲಾಖೆಗೆ ಹೊಸ ವಿಳಾಸ ಕೊಟ್ಟಳು. ಅಪ್ಪ ಪೋಸ್ಟ್ ಮಾಸ್ಟರ್ ಆಗಿದ್ದ ಮನೆಯ ಹುಡುಗಿ, ಅದನ್ನು ಮರೆಯುವವಳಲ್ಲ. ಬ್ಯಾಂಕಿಗೆ, ಶಾಲೆಗೆ, ವಿದ್ಯುತ್ ಕಂಪನಿಗೆ ಎಲ್ಲ ತಿಳಿಸಿದಳು. ಅಳಿಯನಿಗೆ ಅವನ ಕಂಪನಿಯವರು ನೆನಪಿಸಿದ್ದರಿಂದ ವಲಸೆ ಇಲಾಖೆಗೂ ತನ್ನ ಹೊಸ ವಿಳಾಸ ತಿಳಿಸಿದ. ಅಲ್ಲಿಗೆ ಎಲ್ಲ ಮುಗಿಯಿತೆಂದು ಇಬ್ಬರೂ ತಿಳಿದರು.

ನವೆಂಬರ್ ಕೊನೆಗೆ ಹಳೆಯ ಕಾರ್ಡಿನ ಅವಧಿ ತೀರಿತು. ಮಗಳು ಕೆಲಸ ನಿಲ್ಲಿಸಿದಳು. ಡಿಸೆಂಬರಿನಲ್ಲಿ ಹೊಸ ಕಾರ್ಡು ಮಂಜೂರಾಗಿ ಅಂಚೆಗೆ ಹಾಕಿದ್ದೇವೆ ಎಂದು ವೆಬ್‌ಸೈಟ್ ತೋರಿಸಿತು. ಕ್ರಿಸ್‌ಮಸ್ ಸಮಯ, ಅಂಚೆ ತಡವಾಗುತ್ತದೆ ಎಂದು ಕಾದರು. ಹೊಸ ವರ್ಷ ಬಂತು, ಕಾರ್ಡು ಬರಲಿಲ್ಲ. ಜನವರಿ 12ರ ರಾತ್ರಿ ವೀಡಿಯೊ ಕರೆಯಲ್ಲಿ ನಾನೇ ಕೇಳಿದೆ, ಟ್ರ್ಯಾಕಿಂಗ್ ನಂಬರ್ ಇಲ್ಲವೇ ಎಂದು. ಅವಳು ಫೋನನ್ನು ಕಂಪ್ಯೂಟರಿನ ಪರದೆಗೆ ಹಿಡಿದಳು. ಕನ್ನಡಕ ಹಾಕಿಕೊಂಡು ಓದಿದೆ. ಕೆಳಗಿನಿಂದ ಮೇಲಕ್ಕೆ ಸಾಲು ಸಾಲಾಗಿ ತಾರೀಕು, ಊರು, ಸಮಯ. ಎಡಿಸನ್ ತಲುಪಿದೆ. ಮರುದಿನ, ತಲುಪಿಸಲಾಗಲಿಲ್ಲ. ಅದರ ಮರುದಿನ, ಕಳುಹಿಸಿದವರಿಗೆ ವಾಪಸು. ಪರದೆಯ ಆ ಸಾಲು ಓದುವಾಗ ನನ್ನ ಕೈಬರಹವನ್ನೇ ನೋಡಿದ ಹಾಗಾಯಿತು.

‘ನಾನು ಪೋಸ್ಟ್ ಆಫೀಸಿಗೆ ಹೇಳಿದ್ದೆನಲ್ಲ ಅಪ್ಪಾ’ ಎಂದು ಅತ್ತಳು. ಹೇಳಿದ್ದು ನಿಜ. ಆದರೆ ಅಲ್ಲಿನ ವಲಸೆ ಇಲಾಖೆಯ ಲಕೋಟೆಗಳ ಮೇಲೆ ‘ರಿಟರ್ನ್ ಸರ್ವಿಸ್ ರಿಕ್ವೆಸ್ಟೆಡ್’ ಎಂಬ ಆದೇಶ ಅಚ್ಚಾಗಿರುತ್ತದೆ. ಹಾಗಿದ್ದರೆ, ವಿಳಾಸದಾರ ಮನೆ ಬದಲಿಸಿದ್ದಾನೆಂದು ಗೊತ್ತಿದ್ದರೂ ಅಂಚೆಯವನು ಆ ಕಾಗದವನ್ನು ಹೊಸ ಮನೆಗೆ ದಾಟಿಸುವಂತಿಲ್ಲ, ಕಳುಹಿಸಿದವರಿಗೇ ಹಿಂದಿರುಗಿಸಬೇಕು. ಅಂಚೆಯವನ ತಪ್ಪು ಇದರಲ್ಲಿ ಏನೂ ಇಲ್ಲ. ವೃತ್ತಿಯಲ್ಲಿದ್ದವನಾಗಿ ಇದನ್ನು ಒತ್ತಿ ಹೇಳುತ್ತೇನೆ. ಇಂತಹ ಕಾರ್ಡು ಬೇರೆಯವರ ಕೈಗೆ ಸಿಗಬಾರದು ಎಂಬ ಕಾರಣಕ್ಕೇ ಆ ನಿಯಮ. ಹಿಂದಿರುಗಿದ ಕಾರ್ಡನ್ನು ಇಲಾಖೆ ಇಟ್ಟುಕೊಂಡಿರುತ್ತದೆ. ಆದರೆ 60 ಕೆಲಸದ ದಿನಗಳೊಳಗೆ ಸರಿಯಾದ ವಿಳಾಸ ಕೊಟ್ಟು ಯಾರೂ ಕೇಳದಿದ್ದರೆ ನಾಶ ಮಾಡಬಹುದು ಎಂಬ ಪದ್ಧತಿ 2018ರ ಏಪ್ರಿಲಿನಿಂದ ಇದೆ. ಇದನ್ನು ಓದಿದ ರಾತ್ರಿ ನಾವು ಯಾರೂ ಮಲಗಲಿಲ್ಲ. ನಾನು ಪಂಚಾಂಗದ ಹಿಂದಿನ ಖಾಲಿ ಹಾಳೆಯಲ್ಲಿ ಶನಿವಾರ, ಭಾನುವಾರ, ಅವರ ರಜೆ ಎಲ್ಲ ಬಿಟ್ಟು ದಿನ ಎಣಿಸಿದೆ. ಹೆಂಡತಿ ದೇವರ ಮುಂದೆ ದೀಪ ಹಚ್ಚಿ ಕೂತಳು. ಕಾರ್ಡು ಕೊನೆಗೂ ಕೈಸೇರಿದ್ದು ಫೆಬ್ರವರಿ 10ಕ್ಕೆ. ಚಿಕಿತ್ಸಾಲಯದವರು ಅಷ್ಟರಲ್ಲಿ ಬೇರೆಯವರನ್ನು ತೆಗೆದುಕೊಂಡಿದ್ದರು.

ತಪ್ಪಿದ್ದು ಎಲ್ಲಿ ಎಂದು ನಾನು ಬಹಳ ಯೋಚಿಸಿದ್ದೇನೆ. ನಮ್ಮ ತಲೆಯಲ್ಲಿ ರೇಶನ್ ಕಾರ್ಡು ಕೂತಿದೆ. ಮನೆಗೊಂದು ಕಾರ್ಡು, ಕಾರ್ಡಿಗೊಬ್ಬ ಯಜಮಾನ, ಅವನ ಹೆಸರಿನ ಕೆಳಗೆ ಮಿಕ್ಕವರು. ಯಜಮಾನ ಹೇಳಿದರೆ ಮನೆಯವರೆಲ್ಲ ಹೇಳಿದ ಹಾಗೆ. ಅಲ್ಲಿನ ವಲಸೆ ಕಾನೂನಿನಲ್ಲಿ ಹಾಗಿಲ್ಲ. ಪೌರರಲ್ಲದ ಪ್ರತಿಯೊಬ್ಬರೂ ಬೇರೆ ಬೇರೆಯಾಗಿ, ಮನೆ ಬದಲಿಸಿದ 10 ದಿನಗಳೊಳಗೆ, ಎಆರ್-11 ಎಂಬ ನಮೂನೆಯಲ್ಲಿ ತಿಳಿಸಬೇಕು. ಗಂಡನಿಗೊಂದು, ಹೆಂಡತಿಗೊಂದು, ಇಲ್ಲಿ ಹುಟ್ಟಿ ಅಲ್ಲಿಗೆ ಹೋದ ಮಗುವಿಗೂ ಒಂದು. ನನ್ನ ಮೊಮ್ಮಗ ಅಲ್ಲೇ ಹುಟ್ಟಿದವನು, ಅಲ್ಲಿನ ಪೌರ, ಅವನಿಗೆ ಬೇಡ. ಒಂದೇ ಮನೆಯ ಮೂವರಲ್ಲಿ ಒಬ್ಬ ತಿಳಿಸಿದ, ಒಬ್ಬನಿಗೆ ತಿಳಿಸಬೇಕಾಗಿಯೇ ಇರಲಿಲ್ಲ, ತಿಳಿಸಲೇಬೇಕಾಗಿದ್ದ ಒಬ್ಬಳು ಉಳಿದುಬಿಟ್ಟಳು. ಅರ್ಜಿ ಹಾಕಿದ್ದ ವಕೀಲರು ನೋಡಿಕೊಳ್ಳುತ್ತಾರೆ ಎಂದು ಮಗಳು ಅಂದುಕೊಂಡಿದ್ದಳು. ನೀವು ಮನೆ ಬಿಟ್ಟದ್ದು ವಕೀಲರಿಗೆ ಕನಸು ಬೀಳುವುದಿಲ್ಲ.

ಗ್ರೀನ್ ಕಾರ್ಡು ಸಿಕ್ಕಿದ ಮೇಲೆ ಇದೆಲ್ಲ ಬೇಡ ಎಂದು ನಂಬಿದವರನ್ನೂ ಕಂಡಿದ್ದೇನೆ. ತಪ್ಪು. ಗ್ರೀನ್ ಕಾರ್ಡಿನವರೂ ತಿಳಿಸಲೇಬೇಕು. ಅಲ್ಲಿನ ಪೌರರಾಗಿ ಪ್ರಮಾಣ ಮಾಡುವವರೆಗೂ ಈ ಹೊಣೆ ತಪ್ಪದು. ರಾಜತಾಂತ್ರಿಕರಂತಹ ಕೆಲವೇ ವರ್ಗಗಳಿಗೆ ವಿನಾಯಿತಿ. ಓದಲು ಹೋದ ಮಕ್ಕಳು 10 ದಿನದೊಳಗೆ ತಮ್ಮ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಅಧಿಕಾರಿಗೆ ಹೇಳಬೇಕು. ಅವರು ಸೆವಿಸ್ ಎಂಬ ಸರಕಾರಿ ದಾಖಲೆಯಲ್ಲಿ ತಿದ್ದುತ್ತಾರೆ. ವಲಸೆ ನ್ಯಾಯಾಲಯದಲ್ಲಿ ಪ್ರಕರಣ ಇರುವವರಿಗೆ ಸಮಯ ಇನ್ನೂ ಕಡಿಮೆ, 5 ಕೆಲಸದ ದಿನ, ಅದಕ್ಕೆ ನಮೂನೆಯೂ ಬೇರೆ. ವಿಚಾರಣೆಯ ನೋಟಿಸು ಹಳೆಯ ಮನೆಗೆ ಹೋಗಿ, ಇವರು ಹಾಜರಾಗದೆ ಇದ್ದರೆ, ಇವರಿಲ್ಲದೆಯೇ ಗಡೀಪಾರಿನ ಆದೇಶ ಆಗಬಹುದು.

ಒಂದು ಹಳೆಯ ಸಂಗತಿ ಇಲ್ಲಿ ಹೇಳಬೇಕು, ಅಂಚೆಯವನಾದ ನನಗೆ ಅದು ತುಂಬಾ ಹತ್ತಿರದ್ದು. 1940ರಲ್ಲಿ ಅಮೆರಿಕ ವಿದೇಶೀಯರ ನೋಂದಣಿ ಕಾನೂನು ತಂದಾಗ ನೋಂದಣಿ ನಡೆದದ್ದು ಅಂಚೆ ಕಚೇರಿಗಳಲ್ಲೇ. ಆ ವರ್ಷದ ಆಗಸ್ಟ್ ಕೊನೆಯಿಂದ ಡಿಸೆಂಬರ್ ಕೊನೆಯವರೆಗೆ, ದೇಶದ ಉದ್ದಗಲಕ್ಕೂ, ಅಂಚೆಯ ಕಟ್ಟೆಯಲ್ಲೇ ಬೆರಳಚ್ಚು ತೆಗೆದು ನಮೂನೆ ತುಂಬಿಸಿದರು. ಮುಂದೆ ವರ್ಷಕ್ಕೊಮ್ಮೆ ಜನವರಿಯಲ್ಲಿ ವಿಳಾಸ ತಿಳಿಸುವ ಪದ್ಧತಿ ಬಂದಾಗಲೂ ಅದರ ಕಾರ್ಡು ಸಿಗುತ್ತಿದ್ದುದು ಅಂಚೆ ಕಚೇರಿಯಲ್ಲಿ. 1981ರಲ್ಲಿ ಆ ಜನವರಿಯ ಪದ್ಧತಿ ನಿಂತಿತು, ಬದಲಾದಾಗ ತಿಳಿಸುವ ಹೊಣೆ ಮಾತ್ರ ಉಳಿಯಿತು. ಒಂದು ಕಾಲದಲ್ಲಿ ಎರಡಕ್ಕೂ ಬಾಗಿಲು ಒಂದೇ ಆಗಿತ್ತು. ಈಗ ಅಂಚೆಗೆ ಹೇಳುವುದು ಬೇರೆ, ವಲಸೆ ಇಲಾಖೆಗೆ ಹೇಳುವುದು ಬೇರೆ.

ಮಾಡುವ ಕ್ರಮ ಕಷ್ಟದ್ದಲ್ಲ. ಯುಎಸ್‌ಸಿಐಎಸ್ ಎಂಬ ಆ ವಲಸೆ ಇಲಾಖೆಯ ಸ್ವಂತ ವೆಬ್‌ಸೈಟಿನಲ್ಲಿ ಖಾತೆ ತೆರೆದು ಹಳೆಯ ವಿಳಾಸ, ಹೊಸ ವಿಳಾಸ, ಮನೆ ಬದಲಿಸಿದ ತಾರೀಕು ತುಂಬಿದರೆ ಆಯಿತು. ಒಂದು ಪೈಸೆ ಶುಲ್ಕವಿಲ್ಲ. ಇದಕ್ಕೆ ಡಾಲರ್ ಕೇಳುವ ಬೇರೆ ಜಾಲತಾಣಗಳಿವೆ, ಅವಕ್ಕೆ ಹಣ ಕೊಡಬೇಡಿ. ನನ್ನ ಮಗಳ ಕಾಲದಲ್ಲಿ ಎಆರ್-11 ತುಂಬುವುದು ಒಂದು ಕೆಲಸ, ಬಾಕಿ ಇರುವ ಅರ್ಜಿಯಲ್ಲಿ ವಿಳಾಸ ತಿದ್ದಿಸುವುದು ಇನ್ನೊಂದು ಕೆಲಸ ಆಗಿತ್ತು. 2023ರ ಅಕ್ಟೋಬರಿನಿಂದ ಖಾತೆಯ ಮೂಲಕ ಎರಡನ್ನೂ ಒಂದೇ ಕಡೆ ಮಾಡಬಹುದು. ಆದರೆ ಬಾಕಿ ಅರ್ಜಿಯ ರಸೀದಿ ಸಂಖ್ಯೆಯನ್ನು ನೀವೇ ನಮೂದಿಸಬೇಕು, ಎರಡು ಅರ್ಜಿ ಇದ್ದರೆ ಎರಡನ್ನೂ. ಕೊನೆಗೆ ಬರುವ ದೃಢೀಕರಣದ ಪುಟವನ್ನು ಅಚ್ಚು ಹಾಕಿ ಇಟ್ಟುಕೊಳ್ಳಿ. ಕಾಗದದಲ್ಲೇ ಕಳುಹಿಸುವವರು ತಲುಪಿದ ಪುರಾವೆ ಸಿಗುವ ರೀತಿಯಲ್ಲಿ ಕಳುಹಿಸಿ. ನಮ್ಮಲ್ಲಿ ರಿಜಿಸ್ಟರ್ಡ್ ಪೋಸ್ಟು ಈಗ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ, ಅದರ ಬಗ್ಗೆ ನನಗಿರುವ ಬೇಸರ ಬೇರೆ. ಆದರೆ ಹಳದಿ ಅಕ್ನಾಲೆಜ್‌ಮೆಂಟ್ ಕಾರ್ಡನ್ನು ಟ್ರಂಕಿನಲ್ಲಿ ಜೋಪಾನ ಮಾಡುತ್ತಿದ್ದ ನಮ್ಮ ಹಿರಿಯರ ಬುದ್ಧಿ ಮಕ್ಕಳಿಗೂ ಇರಲಿ.

ಈಗಿನ ದಿನಗಳಲ್ಲಿ ಇನ್ನೊಂದು ಮಾತು ಕೇಳುತ್ತಿದ್ದೇನೆ. ಅಮೆರಿಕದಲ್ಲಿ ವಾತಾವರಣ ಬಿಗಿಯಾಗಿದೆ, ನಾವಾಗಿ ಹೋಗಿ ಎಲ್ಲಿದ್ದೇವೆಂದು ಯಾಕೆ ತೋರಿಸಿಕೊಳ್ಳಬೇಕು, ಸುಮ್ಮನಿದ್ದರಾಯಿತು ಎಂದು. ಹೆತ್ತವರೇ ಮಕ್ಕಳಿಗೆ ಹೀಗೆ ಹೇಳುವುದನ್ನು ಒಂದು ಮದುವೆ ಮನೆಯಲ್ಲಿ ಕೇಳಿ ನನಗೆ ತಡೆಯಲಾಗಲಿಲ್ಲ, ಊಟದ ಪಂಕ್ತಿಯಲ್ಲೇ ವಾದ ಮಾಡಿದೆ. ಸರಿಯಾದ ವೀಸಾ ಇರುವವನು ಸುಮ್ಮನಿದ್ದರೆ ಆಗುವ ಲಾಭವೇನು? ವಿಳಾಸ ತಿಳಿಸದಿರುವುದು ಅಲ್ಲಿ ಅಪರಾಧ. ದಂಡ ಇದೆ, 30 ದಿನದವರೆಗೆ ಜೈಲು ಇದೆ, ಬೇಕೆಂದೇ ತಿಳಿಸದವರನ್ನು ದೇಶದಿಂದ ಕಳುಹಿಸುವ ಅವಕಾಶವೂ ಕಾನೂನಿನಲ್ಲಿದೆ. 2025ರ ಏಪ್ರಿಲ್ 11ರಿಂದ ವಿದೇಶೀಯರ ನೋಂದಣಿಯ ನಿಯಮವನ್ನು ಬಿಗಿಗೊಳಿಸಿದ್ದಾರೆ. 18 ದಾಟಿದವರು ನೋಂದಣಿಯ ಪುರಾವೆಯನ್ನು ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕು. ಹೀಗಿರುವಾಗ ಕೈಯಲ್ಲಿರುವ ಸರಿಯಾದ ಕಾಗದವನ್ನು ನಾವೇ ಅರ್ಧ ಸುಳ್ಳು ಮಾಡಿಕೊಳ್ಳುವುದೇ? ವೀಸಾದಲ್ಲೇ ತೊಡಕಿರುವವರ ಮಾತು ಬೇರೆ, ಅವರು ಮೊದಲು ಒಳ್ಳೆಯ ವಕೀಲರನ್ನು ಕಾಣಲಿ. 10 ದಿನ ದಾಟಿಹೋಗಿದ್ದರೂ ತಿಳಿಸಿಬಿಡುವುದೇ ಸರಿ. ತಡವಾಗಿ ತಿಳಿಸಿದ್ದಕ್ಕೆ ಕಾರಣ ಹೇಳಬಹುದು, ತಿಳಿಸದೇ ಇದ್ದದ್ದಕ್ಕೆ ಏನು ಹೇಳುವುದು?

ನಮ್ಮ ಜಿಲ್ಲೆಗೆ ಅಮೆರಿಕಕ್ಕಿಂತ ಗಲ್ಫ್ ಹತ್ತಿರ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ದುಬೈ, ಕುವೈತಿನಿಂದ ಬರುವ ಏರ್‌ಮೇಲಿನಲ್ಲಿ ಕಳುಹಿಸಿದವರ ವಿಳಾಸವೆಂದರೆ ಕಂಪನಿಯ ಪೋಸ್ಟ್ ಬಾಕ್ಸ್ ನಂಬರ್ ಮಾತ್ರ. ಮಗ ಯಾವ ಬೀದಿಯಲ್ಲಿ, ಯಾವ ಕಟ್ಟಡದಲ್ಲಿ ಮಲಗುತ್ತಾನೆ ಎಂದು ತಾಯಂದಿರಿಗೆ ಗೊತ್ತೇ ಇರಲಿಲ್ಲ. ಅಂತಹ ಎಷ್ಟೋ ಕಾಗದಗಳನ್ನು ಜಗಲಿಯಲ್ಲಿ ಕೂತು ನಾನೇ ಓದಿ ಹೇಳಿದ್ದೇನೆ. ಈಗ ಪೋಸ್ಟ್ ಬಾಕ್ಸು ಸಾಲದು. ಕುವೈತಿನಲ್ಲಿ ಸಿವಿಲ್ ಐಡಿ ಎಂಬ ಗುರುತಿನ ಚೀಟಿಗೆ ನೀವು ನಿಜವಾಗಿ ವಾಸವಿರುವ ಕಟ್ಟಡದ ವಿಳಾಸ ಜೋಡಿಸಿರುತ್ತಾರೆ. ಕಟ್ಟಡ ಕೆಡವಿದರೆ, ಅಥವಾ ಈತ ಇಲ್ಲಿಲ್ಲ ಎಂದು ಮಾಲೀಕ ತಿಳಿಸಿದರೆ, ಪಾಸಿ ಎಂಬ ಅಲ್ಲಿನ ಪ್ರಾಧಿಕಾರ ಆ ವಿಳಾಸವನ್ನೇ ತೆಗೆದುಹಾಕುತ್ತದೆ. ಹಾಗೆ ವಿಳಾಸ ಕಳೆದುಕೊಂಡವರ ಹೆಸರು ಸರಕಾರಿ ಗೆಜೆಟಿನಲ್ಲಿ ಪ್ರಕಟವಾಗುತ್ತದೆ. ಆಮೇಲೆ 30 ದಿನದೊಳಗೆ ಹೊಸ ವಿಳಾಸ ಕೊಡದಿದ್ದರೆ 100 ದಿನಾರ್‌ವರೆಗೆ ದಂಡ.

2024ರ ಜೂನ್ 12ರ ಬೆಳಗಿನ ಜಾವ ಕುವೈತಿನ ಮಂಗಾಫ್‌ನ ಕಟ್ಟಡಕ್ಕೆ ಬೆಂಕಿ ಬಿದ್ದು ಕನಿಷ್ಠ 45 ಮಂದಿ ಭಾರತೀಯರು ತೀರಿಹೋದದ್ದು ಯಾರಿಗೆ ಮರೆತಿದೆ? ಎರಡು ದಿನ ಕಳೆದು ಕೊಚ್ಚಿಗೆ ಬಂದ ವಾಯುಪಡೆಯ ವಿಮಾನದಲ್ಲಿ ನಮ್ಮ ಜಿಲ್ಲೆಯ ಮಕ್ಕಳೂ ಇದ್ದರು. ಆ ಬಳಿಕ ಜನ ತುಂಬಿದ ಕಟ್ಟಡಗಳ ಮೇಲೆ ತಪಾಸಣೆ ಜೋರಾಯಿತು. ನಮ್ಮ ನೆರೆಮನೆಯ ಹುಡುಗ ಫರ್ವಾನಿಯಾದಲ್ಲಿದ್ದ. ಬ್ಯಾಚುಲರುಗಳೆಲ್ಲ ಹೊರಡಿ ಎಂದು ಮಾಲೀಕ ಹೇಳಿದ, ಇವನು ಗೆಳೆಯನ ಕೋಣೆಯಲ್ಲಿ ಬೆಡ್ ಸ್ಪೇಸ್, ಅಂದರೆ ಒಂದು ಹಾಸಿಗೆಯಷ್ಟು ಜಾಗ, ಹಿಡಿದ. ಬೆಡ್ ಸ್ಪೇಸಿಗೆ ಬಾಡಿಗೆ ಕರಾರು ಎಲ್ಲಿಂದ ಬರಬೇಕು? ವಿಳಾಸ ತೆಗೆದಿದ್ದಾರೆಂದು ಅಲ್ಲಿನ ಸರಕಾರದ ಸಹೇಲ್ ಆ್ಯಪಿನಲ್ಲಿ ಬಂದಾಗ ತೋರಿಸಲು ಅವನ ಬಳಿ ಒಂದು ಚೀಟಿಯೂ ಇರಲಿಲ್ಲ. ಕಂಪನಿಯ ಪರವಾಗಿ ಸರಕಾರಿ ಕಚೇರಿಗಳ ಕೆಲಸ ನೋಡುವ ಮಂದೂಬ್ ಒಳ್ಳೆಯವನಾಗಿದ್ದರಿಂದ ಓಡಾಡಿ ಸರಿಮಾಡಿಕೊಟ್ಟ. ಕರಾರಿನ ಕಾಗದ ಕೊಡುವ ಕೋಣೆಗೆ ತಿಂಗಳಿಗೆ ನಾಲ್ಕು ದಿನಾರ್ ಹೆಚ್ಚಾದರೂ ಅದನ್ನೇ ಹಿಡಿ ಎಂದು ಮಗನಿಗೆ ಹೇಳಿ ಎಂದು ಅವನ ತಾಯಿಗೆ ಹೇಳಿದ್ದೇನೆ.

ಇತ್ತ ನಮ್ಮ ಊರಿಗೂ ಈ ಮಾತು ಸಲ್ಲುತ್ತದೆ. ವಿದೇಶದ ಪೌರತ್ವ ಪಡೆದು, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡಿನಲ್ಲಿ ಮರಳಿ ಬಂದು ತಂದೆಯ ಅಡಿಕೆ ತೋಟ ನೋಡಿಕೊಳ್ಳುವವರು ನಮ್ಮ ಗ್ರಾಮದಲ್ಲೇ ಒಬ್ಬರಿದ್ದಾರೆ. ಹುಟ್ಟಿದ ಮನೆಗೆ ಬಂದವನು ಯಾರಿಗೆ ತಿಳಿಸಬೇಕು ಎಂಬುದು ಅವರ ಪ್ರಶ್ನೆ. 2021ರ ಮಾರ್ಚ್ 4ರ ಕೇಂದ್ರದ ಅಧಿಸೂಚನೆಯ ಪ್ರಕಾರ ಒಸಿಐ ಕಾರ್ಡಿನವರು ಖಾಯಂ ವಾಸದ ವಿಳಾಸ ಅಥವಾ ಉದ್ಯೋಗ ಬದಲಾದಾಗ ಆ ವ್ಯಾಪ್ತಿಯ ವಿದೇಶೀಯರ ನೋಂದಣಿ ಕಚೇರಿಗೆ ಇಮೇಲ್ ಮೂಲಕ ತಿಳಿಸಬೇಕು. ಅವರಿಗೆ ಅದನ್ನು ತೋರಿಸಿದಾಗ ಸ್ವಲ್ಪ ಹೊತ್ತು ತೋಟದ ಕಡೆಗೇ ನೋಡುತ್ತಾ ನಿಂತರು. ಅವರ ಮನಸ್ಸಿನ ನೋವು ನನಗೆ ಅರ್ಥವಾಗುತ್ತದೆ. ಆದರೂ ಅಂದು ಸಂಜೆಯೇ ಇಮೇಲ್ ಕಳುಹಿಸಿದರು.

ನಮ್ಮ ಕಾಸರಗೋಡಿನವರಿಗೆ ಈ ವಿಷಯ ತಟ್ಟನೆ ತಲೆಗೆ ಹೋಗದಿರಲು ಒಂದು ಕಾರಣ ಇದೆ ಎಂದು ನನಗನಿಸುತ್ತದೆ. ನನ್ನ ತಂದೆಗೆ ಬಂದ ಹಳೆಯ ಕಾಗದಗಳಲ್ಲಿ ಸೌತ್ ಕೆನರಾ ಜಿಲ್ಲೆ ಎಂದಿದೆ. 1956ರ ನವೆಂಬರ್ 1ರಂದು ರಾಜ್ಯ ಬದಲಾಯಿತು, ಕೇರಳ ಎಂದು ಬರೆಯತೊಡಗಿದರು. ಮತ್ತೆ ಕಣ್ಣೂರು ಜಿಲ್ಲೆ. 1972ರಲ್ಲಿ ಪಿನ್ ಕೋಡ್ ಬಂತು. 1984ರ ಮೇ 24ಕ್ಕೆ ಕಾಸರಗೋಡು ಜಿಲ್ಲೆಯಾಯಿತು. ಅದಾಗಿ ವರ್ಷಗಟ್ಟಲೆ ಕಣ್ಣೂರು ಎಂದೇ ಬರೆದ ಲಕೋಟೆಗಳನ್ನು ನಾನು ವಿಂಗಡಿಸಿದ್ದೇನೆ. ಇಷ್ಟೆಲ್ಲ ಆಗುವಾಗ ನಮ್ಮ ಮನೆ ಒಂದು ಅಡಿ ಅಲುಗಿಲ್ಲ, ಅದೇ ಮೆಟ್ಟಿಲು, ಅದೇ ತುಳಸಿಕಟ್ಟೆ. ವಿಳಾಸವನ್ನು ಸರಕಾರವೇ ಬದಲಿಸಿತು, ನಾವು ಯಾರಿಗೂ ತಿಳಿಸಬೇಕಾಗಿ ಬರಲಿಲ್ಲ. ಕಾಗದವೂ ತಪ್ಪಲಿಲ್ಲ, ಮನೆ ಹೆಸರು ಒಂದಿದ್ದರೆ ಅಂಚೆಯಣ್ಣ ಹುಡುಕಿ ಕೊಡುತ್ತಿದ್ದ. ಆ ಭರವಸೆಯಲ್ಲಿ ಬೆಳೆದ ಮಕ್ಕಳು ನಮ್ಮವರು.

ಆದ್ದರಿಂದ ಎರಡು ಕೋರಿಕೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡಿಗರಿಗೆ ತಮ್ಮ ಭಾಷೆಯಲ್ಲೇ ಸರಕಾರದೊಡನೆ ವ್ಯವಹರಿಸುವ ಹಕ್ಕು ಕೊಟ್ಟಿದೆ. ವಿದೇಶಕ್ಕೆ ಹೊರಡುವವರಿಗೆ ಕೇರಳ ಸರಕಾರದ ನೋರ್ಕಾ ರೂಟ್ಸ್ ಸಂಸ್ಥೆ ನಡೆಸುವ ತಿಳಿವಳಿಕೆ ಶಿಬಿರವನ್ನು ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡದಲ್ಲೂ ನಡೆಸಲಿ, ವಿಳಾಸದ ಈ ವಿಷಯಕ್ಕೆ ಅದರಲ್ಲಿ ಹತ್ತು ನಿಮಿಷ ಕೊಡಲಿ. ಇನ್ನೊಂದು ನಿಮ್ಮಲ್ಲಿ. ಯಾವ ದೇಶದಲ್ಲಿ ಯಾರಿಗೆ ಎಷ್ಟು ದಿನದೊಳಗೆ ತಿಳಿಸಬೇಕು ಎಂಬುದನ್ನು ತಿಂಗಳಿಗೊಮ್ಮೆ ಒಂದು ಸಣ್ಣ ಚೌಕಟ್ಟಿನಲ್ಲಿ ಹಾಕಿ. ಪತ್ರಿಕೆ ಓದುವುದು ನಾವು ಮುದುಕರು ನಿಜ, ಆದರೆ ವಾರಕ್ಕೆರಡು ಸಲ ಮಕ್ಕಳಿಗೆ ಫೋನು ಮಾಡುವುದೂ ನಾವೇ. ಊಟ ಆಯಿತೇ, ಮಳೆ ಬಂತೇ ಎಂದು ಕೇಳುವಾಗ ಮನೆ ಬದಲಿಸಿದವರನ್ನು ಇದನ್ನೂ ಕೇಳಬಹುದು.

ಕಳೆದ ಮೇ ತಿಂಗಳಲ್ಲಿ ಮಗಳ ಮನೆ ಮತ್ತೆ ಬದಲಾಯಿತು. ಸಾಮಾನಿನ ಲಾರಿ ಹೊರಟಿತು ಎಂದು ಅವಳು ಹೇಳಿದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಹತ್ತನೆಯ ದಿನಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿದೆ. ಮೂರನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಫೋನಿಗೆ ಚಿತ್ರ ಬಂತು. ದೃಢೀಕರಣದ ಎರಡು ಹಾಳೆ, ಒಂದು ಅಳಿಯನದು, ಒಂದು ಅವಳದು.

ಇತಿ,
ನಿವೃತ್ತ ಪೋಸ್ಟ್ ಮಾಸ್ಟರ್,
ಪೆರ್ಲ, ಕಾಸರಗೋಡು ಜಿಲ್ಲೆ